ಹಗಲು ಬೆಳಕಿನ ಹನ್ನೆರಡನೆಯ ರಾತ್ರಿ

ನಾಟಕವನ್ನು ಕ್ಯಾಮರಾದ ಮುಂದಿಟ್ಟು ಚಿತ್ರ ತೆಗೆದರೆ ಅದು ನಾಟಕವಾಗಿಯೂ ಉಳಿಯುವುದಿಲ್ಲ, ಸಿನೆಮಾ ಆಗಿಯೂ ಏಳುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಬಹುಮಟ್ಟಿಗೆ ಸರಿಯಾದ ಮಾತು. ಮೇಲಿನ ಗ್ಯಾಲರಿಯ ಕೊನೆಯ ಬೆಂಚಿಗೆ ಕೇಳಿಸಲೆಂದು ನಟ ಎತ್ತಿದ ದನಿ ನಮ್ಮ ಮನೆಯ ಟೆಲಿವಿಷನ್ನಿನಲ್ಲಿ ಪಕ್ಕದ ಮನೆಯ ಜಗಳದಂತೆ ಕೇಳುತ್ತದೆ. ದೂರದಿಂದ ಚೆಂದ ಕಾಣಲೆಂದು ಬಳಿದ ಬಣ್ಣ ಹತ್ತಿರದಿಂದ ಗೋಡೆಗೆ ಹೊಡೆದ ಸುಣ್ಣವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಎಲ್ಲೋ ಕುಳಿತ ಕಾಣದ ಜನ ನಕ್ಕಾಗ ನಾವು ನಗಬೇಕೋ ಬೇಡವೋ ತಿಳಿಯದೆ, ಆಹ್ವಾನವಿಲ್ಲದ ಮದುವೆಮನೆಯ ಕಿಟಕಿಯಲ್ಲಿ ಇಣುಕಿದವರಂತೆ ಸಂಕೋಚಪಡುತ್ತೇವೆ.

ಆದರೂ ಈ ಪದ್ಧತಿ ನಿಲ್ಲಲಿಲ್ಲ, ಬೆಳೆಯಿತು. ಲಂಡನ್ನಿನ ನ್ಯಾಷನಲ್ ಥಿಯೇಟರಿನವರು 2009ರ ಜೂನ್ ತಿಂಗಳಲ್ಲಿ ಹೆಲೆನ್ ಮಿರನ್ ಅಭಿನಯಿಸಿದ 'ಫೀದ್ರ'ವನ್ನು ಚಿತ್ರಮಂದಿರಗಳಿಗೆ ನೇರವಾಗಿ ಕಳಿಸಿ ಈ ವ್ಯವಹಾರಕ್ಕೆ ನಾಂದಿ ಹಾಡಿದರು. ಅಂಥ ನಾಟಕಗಳನ್ನು ನಮ್ಮ ಮುಂಬಯಿಯ ನರಿಮನ್ ಪಾಯಿಂಟಿನ ಎನ್.ಸಿ.ಪಿ.ಎ.ಯಲ್ಲಿಯೂ ತೋರಿಸಿದ್ದಾರೆ. ವಿಮಾನದ ಟಿಕೆಟು ಕೊಂಡು ಲಂಡನ್ನಿಗೆ ಹೋಗಿ ನಾಟಕ ನೋಡುವ ಯೋಗ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಲೋಕಲ್ ಗಾಡಿಯಲ್ಲಿ ಚರ್ಚ್‌ಗೇಟಿಗೆ ಹೋದರೆ ಸಾಕೆಂದಾದರೆ ಯಾರು ಬೇಡವೆನ್ನುತ್ತಾರೆ? ಹೀಗೆ ಹಲವು ನೋಡಿದೆವು. ಕೆಲವಕ್ಕೆ ಆಕಳಿಸಿದೆವು, ಕೆಲವನ್ನು ಮೆಚ್ಚಿದೆವು. ಆದರೆ ಮೇಲೆ ಹೇಳಿದ ಮಾತಿಗೆ ಪೂರ್ತಿ ಅಪವಾದವಾಗಿ ನಿಂತದ್ದು ಒಂದೇ ಒಂದು. ಅದನ್ನು ನಾವು ಮನೆಯಲ್ಲೇ, ಮೂರು ತಲೆಮಾರಿನವರೂ ಒಟ್ಟಿಗೆ ಕುಳಿತು ನೋಡಿದೆವು. ಗ್ಲೋಬ್ ನಾಟಕಶಾಲೆಯವರು 2012ರಲ್ಲಿ ಚಿತ್ರೀಕರಿಸಿದ, ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ಅದು.

ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರಿಗೆ ಕಥೆ ಗೊತ್ತೇ ಇರುತ್ತದೆ. ನಮ್ಮ ಮಾಸ್ತಿಯವರು ಇದನ್ನು 'ದ್ವಾದಶರಾತ್ರಿ' ಎಂದು ಕನ್ನಡಕ್ಕೆ ತಂದಿದ್ದಾರೆ. ಕ್ರಿಸ್‌ಮಸ್ಸಿನ ನಂತರದ ಹನ್ನೆರಡನೆಯ ರಾತ್ರಿ ಇಂಗ್ಲೆಂಡಿನಲ್ಲಿ ಮೋಜಿನ ಹಬ್ಬ. ನಾಟಕಕ್ಕೂ ಆ ರಾತ್ರಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ವಯೋಲ ಮತ್ತು ಸೆಬಾಸ್ಟಿಯನ್ ಅವಳಿ ಅಕ್ಕತಮ್ಮನೋ ಅಣ್ಣತಂಗಿಯೋ. ಹಡಗು ಒಡೆದು ಇಬ್ಬರೂ ಬೇರೆಯಾಗುತ್ತಾರೆ. ಗುರುತು ಪರಿಚಯವಿಲ್ಲದ ಇಲಿರಿಯ ಎಂಬ ದೇಶದ ದಡಕ್ಕೆ ಬಿದ್ದ ವಯೋಲ, ಅಣ್ಣ ಮುಳುಗಿದನೆಂದೇ ತಿಳಿದು, ಹೊಟ್ಟೆಪಾಡಿಗಾಗಿ ಗಂಡುವೇಷ ಧರಿಸಿ ಅಲ್ಲಿಯ ಡ್ಯೂಕ್ ಆರ್ಸಿನೋನ ಬಳಿ ಕೆಲಸಕ್ಕೆ ಸೇರುತ್ತಾಳೆ. ಆರ್ಸಿನೋಗೆ ಒಲಿವಿಯಾಳ ಮೇಲೆ ಪ್ರೇಮ. ಸತ್ತ ಅಣ್ಣನಿಗಾಗಿ ಏಳು ವರ್ಷ ಶೋಕದಲ್ಲಿರುವೆನೆಂದು ಹಟ ಹಿಡಿದ ಒಲಿವಿಯಾಳಿಗೆ, ಡ್ಯೂಕನ ಪ್ರೇಮಸಂದೇಶ ಹೊತ್ತು ಬಂದ ಈ 'ಹುಡುಗ'ನ ಮೇಲೆಯೇ ಪ್ರೇಮ. ವಯೋಲಳಿಗೆ ಡ್ಯೂಕನ ಮೇಲೆ. ಈ ಗಂಟು ಸೆಬಾಸ್ಟಿಯನ್ ಬದುಕಿ ಬಂದಾಗ ಬಿಚ್ಚುತ್ತದೆ. ನಡುವೆ ಒಲಿವಿಯಾಳ ಮನೆಯ ಕುಡುಕ ಚಿಕ್ಕಪ್ಪ, ಅವನ ಪೆದ್ದ ಗೆಳೆಯ, ಚಾಲಾಕಿ ದಾಸಿ ಮರಿಯಾ ಸೇರಿ, ಮನೆಯ ಪಾರುಪತ್ಯಗಾರ ಮಾಲ್ವೋಲಿಯೋಗೆ ಯಜಮಾನಿಯೇ ಬರೆದಂತೆ ಒಂದು ಸುಳ್ಳು ಪ್ರೇಮಪತ್ರ ಬರೆದು ಅವನನ್ನು ನಗೆಪಾಟಲು ಮಾಡುತ್ತಾರೆ. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡ್ಲ್ ಟೆಂಪಲ್ ಎಂಬ ವಕೀಲರ ಸಭಾಂಗಣದಲ್ಲಿ ಈ ನಾಟಕ ನಡೆದುದನ್ನು ಜಾನ್ ಮ್ಯಾನಿಂಗ್‌ಹ್ಯಾಮ್ ಎಂಬ ಕಾನೂನು ವಿದ್ಯಾರ್ಥಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ತುಂಬ ಹಿಡಿಸಿದ್ದು ಪ್ರೇಮವಲ್ಲ, ಆ ಪತ್ರದ ಕುಚೋದ್ಯ. ವಕೀಲರ ಸ್ವಭಾವ, ಏನು ಮಾಡೋಣ!

ಇನ್ನು ಆ ನಾಟಕಶಾಲೆಯ ವಿಷಯ. ಷೇಕ್ಸ್‌ಪಿಯರನ ಕಾಲದ ಗ್ಲೋಬ್ 1599ರಲ್ಲಿ ಕಟ್ಟಿದ್ದು. 1613ರಲ್ಲಿ ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲುಮಾಡಿಗೆ ಬಿದ್ದು ಸುಟ್ಟುಹೋಯಿತು. ಮತ್ತೆ ಕಟ್ಟಿದರು, 1642ರಲ್ಲಿ ಪ್ಯೂರಿಟನ್ನರು ನಾಟಕಶಾಲೆಗಳಿಗೆಲ್ಲ ಬೀಗ ಹಾಕಿಸಿದಾಗ ಅದೂ ಮುಚ್ಚಿತು. ಈಗಿರುವುದು ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟ ದಶಕಗಳ ಕಾಲ ಹಣ ಕೂಡಿಸಿ ಕಟ್ಟಿಸಲು ಹೊರಟದ್ದು. ಅವರು 1993ರಲ್ಲಿಯೇ ತೀರಿಕೊಂಡರು. ನಾಟಕಶಾಲೆ ತೆರೆದದ್ದು 1997ರಲ್ಲಿ. ಇಂಗ್ಲಿಷರ ನಾಟಕಶಾಲೆಯನ್ನು ಇಂಗ್ಲಿಷರಿಗಾಗಿ ಕಟ್ಟಿಕೊಡಲು ಹೊರಗಿನಿಂದ ಬಂದವನೊಬ್ಬ ಬೇಕಾಯಿತು ನೋಡಿ. ಊರಲ್ಲಿದ್ದವರಿಗೆ ಊರಿನ ಬೆಲೆ ತಿಳಿಯುವುದು ತಡ ಎಂಬುದು ನಮ್ಮ ಸಂಘದವರಿಗೆ ಹೊಸ ಸಂಗತಿಯೇನೂ ಅಲ್ಲ.

ಮರದ ಕಟ್ಟಡ, ಹುಲ್ಲಿನ ಮಾಡು. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲು ಹೊದೆಸಿದ ಮೊದಲ ಕಟ್ಟಡವೇ ಇದಂತೆ. ಸುತ್ತ ಮೂರು ಅಂತಸ್ತಿನ ಗ್ಯಾಲರಿ, ನಡುವೆ ತೆರೆದ ಅಂಗಳ. ಅಂಗಳಕ್ಕೆ ಮೇಲ್ಛಾವಣಿಯಿಲ್ಲ, ಕುರ್ಚಿಯಿಲ್ಲ. ಏಳುನೂರು ಮಂದಿ ಅಲ್ಲಿ ರಂಗಕ್ಕೆ ಮೊಣಕೈ ಊರಿಕೊಂಡು, ಮಳೆ ಬಂದರೆ ನೆನೆದುಕೊಂಡು, ನಿಂತೇ ನೋಡುತ್ತಾರೆ. ಹಗಲಾಟವಾದರೆ ಸೂರ್ಯನ ಬೆಳಕು; ಇಳಿಹೊತ್ತಾದರೆ ನಟರ ಮೇಲೂ ಜನರ ಮೇಲೂ ಒಂದೇ ಸಮನಾಗಿ ಬೀಳುವ ದೀಪ. ಹೀಗಾಗಿ ನಟನಿಗೆ ಜನ ಕಾಣುತ್ತಾರೆ, ಜನರಿಗೆ ಜನ ಕಾಣುತ್ತಾರೆ. ಈ ಚಿತ್ರದ ಗುಟ್ಟೆಲ್ಲ ಇರುವುದು ಅಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಉಳಿದ ಕಡೆ ಕ್ಯಾಮರಾ ನಾಟಕವನ್ನು ಮಾತ್ರ ಹಿಡಿಯುತ್ತದೆ. ಇಲ್ಲಿ ನಾಟಕವನ್ನೂ, ಅದನ್ನು ನಂಬಲು ಒಪ್ಪಿಕೊಂಡು ನಿಂತ ಜನರನ್ನೂ ಒಟ್ಟಿಗೆ ಹಿಡಿಯುತ್ತದೆ. ರಂಗದ ಅಂಚಿಗೆ ಗಲ್ಲವಿಟ್ಟು ಬಾಯಿ ತೆರೆದು ನೋಡುತ್ತಿರುವವರು ಚಿತ್ರದ ತುಂಬ ಇದ್ದಾರೆ. ಕಿಟಕಿಯಲ್ಲಿ ಇಣುಕುವ ಸಂಕೋಚ ಹೋಗಿ, ಅವರ ನಡುವೆ ನಮಗೂ ಒಂದಿಷ್ಟು ಜಾಗ ಸಿಕ್ಕಂತಾಗುತ್ತದೆ. ಅದೂ ಕುರ್ಚಿಯ ಸಮೇತ.

ಈ ಒಪ್ಪಿಗೆಗೆ ಇಲ್ಲಿ ದೊಡ್ಡ ಕೆಲಸವೇ ಇದೆ. ಏಕೆಂದರೆ ಈ ಪ್ರಯೋಗದಲ್ಲಿ ಒಬ್ಬಳೂ ಹೆಂಗಸಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ ಇಂಗ್ಲೆಂಡಿನ ವೃತ್ತಿರಂಗದ ಮೇಲೆ ಹೆಣ್ಣು ಕಾಲಿಡುವಂತಿರಲಿಲ್ಲ. ಅದು ಶುರುವಾದದ್ದು 1660ರ ನಂತರ. ನಿರ್ದೇಶಕ ಟಿಮ್ ಕ್ಯಾರೊಲ್ ಆ ಹಳೆಯ ಪದ್ಧತಿಯನ್ನೇ ಹಿಡಿದು 2002ರಲ್ಲಿ, ನಾಟಕಕ್ಕೆ ನಾನೂರು ವರ್ಷ ತುಂಬಿದಾಗ, ಅದೇ ಮಿಡ್ಲ್ ಟೆಂಪಲ್ ಸಭಾಂಗಣದಲ್ಲಿ ಆಡಿಸಿದ್ದರು. ಹತ್ತು ವರ್ಷದ ನಂತರ ಗ್ಲೋಬಿನಲ್ಲಿ ಮತ್ತೆ ಆಡಿಸಿದರು. ಜೆನ್ನಿ ತಿರಮಾನಿ ಎಂಬ ವಸ್ತ್ರವಿನ್ಯಾಸಕಿ ಆ ಕಾಲದ ಬಟ್ಟೆ, ಆ ಕಾಲದ ಹೊಲಿಗೆ, ಕೊರಳ ಸುತ್ತಿನ ಗರಿಗರಿ ಪಟ್ಟಿ ಎಲ್ಲವನ್ನೂ ಕೈಯಿಂದಲೇ ಮಾಡಿಸಿದರು. ಇದೇ ನಾಟಕ 2013ರಲ್ಲಿ ನ್ಯೂಯಾರ್ಕಿಗೆ ಹೋದಾಗ, ಆಟಕ್ಕೆ ಮೊದಲು ನಟರು ರಂಗದ ಮೇಲೆಯೇ ಬಟ್ಟೆ ತೊಡುವುದನ್ನು, ಮುಖಕ್ಕೆ ಬಣ್ಣ ಹಚ್ಚುವುದನ್ನು ಜನ ಮುಂಚೆಯೇ ಬಂದು ಕುಳಿತು ನೋಡುತ್ತಿದ್ದರಂತೆ. ಚೌಕಿಯ ಬಾಗಿಲ ಸಂದಿಯಲ್ಲಿ ವೇಷ ಕಟ್ಟುವುದನ್ನು ನೋಡುತ್ತ ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಲಿವಿಯಾಳಾಗಿ ಮಾರ್ಕ್ ರೈಲನ್ಸ್. ಈ ಗ್ಲೋಬಿಗೆ ಮೊದಲ ಹತ್ತು ವರ್ಷ ಕಲಾನಿರ್ದೇಶಕರಾಗಿದ್ದವರು. ಕಪ್ಪು ಶೋಕವಸ್ತ್ರ, ಬಿಳಿ ಬಳಿದ ಮುಖ. ನೆಲ ಮುಟ್ಟುವ ಲಂಗದ ಕೆಳಗೆ ಕಾಲು ಎಲ್ಲಿದೆಯೋ ಕಾಣದು. ಸಣ್ಣ ಸಣ್ಣ ಹೆಜ್ಜೆಯಿಟ್ಟು, ಚಕ್ರದ ಮೇಲೆ ನಿಲ್ಲಿಸಿದ ಬೊಂಬೆಯಂತೆ ಜಾರಿಕೊಂಡು ಬರುತ್ತಾರೆ. ಹೆಣ್ಣಿನ ದನಿಯ ಅಣಕವಿಲ್ಲ, ಸೊಂಟ ಕುಣಿಸುವ ಅಗ್ಗದ ನಗೆಯಿಲ್ಲ. ಮಾತು ಮಾತ್ರ ತಡವರಿಸುತ್ತದೆ. ಇಷ್ಟು ದಿನ ಶೋಕವನ್ನು ಕೊಡೆಯಂತೆ ಹಿಡಿದುಕೊಂಡಿದ್ದ ದೊಡ್ಡಮನೆಯ ಹೆಣ್ಣಿಗೆ ಒಬ್ಬ ಆಳಿನ ಹುಡುಗನನ್ನು ಕಂಡ ಕ್ಷಣದಲ್ಲಿ ಆ ಕೊಡೆ ಗಾಳಿಗೆ ಹಾರಿಹೋದರೆ ಹೇಗಾಗಬೇಕೋ ಹಾಗೆ. ಈ ಪಾತ್ರಕ್ಕೆ ಅವರಿಗೆ 2014ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿ ಬಂತು.

ನಮ್ಮ ಮಕ್ಕಳು ಮೊದಲ ಹತ್ತು ನಿಮಿಷ ಮುಸಿಮುಸಿ ನಕ್ಕರು. ಗಂಡಸು ಸೀರೆಯುಟ್ಟರೆ ಅದು ಹಾಸ್ಯಕ್ಕೇ ಎಂದು ಟೆಲಿವಿಷನ್ನು ಅವರಿಗೆ ಕಲಿಸಿದೆ. ನಮ್ಮ ತಾಯಿಯವರು ನಗಲಿಲ್ಲ. ಅವರು ಹೊನ್ನಾವರದ ಕಡೆಯವರು, ಎಂಬತ್ತು ದಾಟಿದವರು. ಇಂಗ್ಲಿಷಿನಲ್ಲಿ 'ಸ್ಟೇಷನ್ನು', 'ರೇಷನ್ನು' ಬಿಟ್ಟರೆ ಹೆಚ್ಚು ವ್ಯವಹಾರವಿಲ್ಲ. ಕಥೆಯನ್ನು ನಾವು ಮೊದಲೇ ಹೇಳಿದ್ದೆವು. ಅವರು ಕನ್ನಡಕ ಸರಿಮಾಡಿಕೊಂಡು ಒಲಿವಿಯಾಳ ಪ್ರವೇಶವನ್ನು ನೋಡಿ, "ಒಳ್ಳೇ ಸ್ತ್ರೀವೇಷ. ಕಾಲು ಕಾಣಿಸದೇ ನಡೆಯೂದು ಸುಲಭ ಅಲ್ಲ" ಎಂದರು. ಅಷ್ಟೇ. ವಿಮರ್ಶಕರು ಅಂಕಣಗಟ್ಟಲೆ ಬರೆದದ್ದನ್ನು ಒಂದು ಸಾಲಿನಲ್ಲಿ ಮುಗಿಸಿದರು. ಯಕ್ಷಗಾನದಲ್ಲಿ ಗಂಡಸಿನ ಸ್ತ್ರೀವೇಷ ಹಾಸ್ಯದ ವಸ್ತುವಲ್ಲ, ಅದೊಂದು ವಿದ್ಯೆ. ತೆಂಕಿನ ಕೋಳ್ಯೂರು ರಾಮಚಂದ್ರ ರಾಯರ ದಮಯಂತಿಯನ್ನೋ, ಬಡಗಿನ ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಪ್ರಯೋಗವನ್ನೋ ಕಂಡವರು ಹೆಣ್ಣಿನ ಅನುಕರಣೆಯನ್ನು ನೋಡುವುದಿಲ್ಲ, ಹೆಣ್ಣನ್ನು ನೋಡುತ್ತಾರೆ. ತಾಯಿಯವರಿಗೆ ರೈಲನ್ಸ್ ಆ ಪಂಕ್ತಿಯವರಾಗಿಯೇ ಕಂಡರು. ಮಕ್ಕಳು ಅಜ್ಜಿಯ ಮುಖ ನೋಡಿ ಮುಸಿನಗು ನಿಲ್ಲಿಸಿದರು. ಅರ್ಧ ತಾಸಿನ ಮೇಲೆ, ಬೇಕಾದ ಜಾಗದಲ್ಲಿ ಜೋರಾಗಿ ನಕ್ಕರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ಹೊನ್ನಾವರದ ಪಕ್ಕದ ಕರ್ಕಿಯ ಮೇಳವೊಂದು 1842ರ ಸುಮಾರಿಗೆ ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವೆಂದು ಅವರೇ ಹೇಳುವುದು ಅದನ್ನು. ಮರಾಠಿ ಸಂಗೀತ ನಾಟಕದ ಮೂಲಪುರುಷರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ಕಿರ್ಲೋಸ್ಕರ ಮಂಡಳಿಗೆ 1905ರಲ್ಲಿ ಸೇರಿದ ಹುಡುಗನೇ ನಾರಾಯಣ ರಾಜಹಂಸ, ಎಂದರೆ ಬಾಲಗಂಧರ್ವ. ಅವರು ಉಟ್ಟ ರೀತಿಯ ಸೀರೆ, ಮುಡಿದ ರೀತಿಯ ಹೂವು ಮುಂಬಯಿ ಪುಣೆಗಳ ದೊಡ್ಡಮನೆಗಳ ಹೆಂಗಸರಿಗೆ ಮಾದರಿಯಾಯಿತು ಎನ್ನುವುದನ್ನು ಇಲ್ಲಿ ಹಳಬರೆಲ್ಲ ಹೇಳುತ್ತಾರೆ. ಆದರೆ ಆ ವೇಷ ಹೇಗಿತ್ತು ಎಂದು ಇಂದು ತಿಳಿಯುವುದು ಹೇಗೆ? ಗ್ರಾಮಾಫೋನ್ ತಟ್ಟೆಗಳಿವೆ, ದನಿ ಉಳಿಯಿತು. ಭಾವಚಿತ್ರಗಳಿವೆ; ಸೀರೆಯ ನೆರಿಗೆ ಉಳಿಯಿತು. ತಮ್ಮ ನಾಟಕದ ಮೀರೆಯ ಪಾತ್ರವನ್ನು ಅವರು 1937ರಲ್ಲಿ 'ಸಾಧ್ವಿ ಮೀರಾಬಾಯಿ' ಎಂಬ ಚಿತ್ರದಲ್ಲಿ ಕ್ಯಾಮರಾದ ಮುಂದೆಯೂ ಆಡಿದರು. ಬಾಬುರಾವ್ ಪೇಂಟರರಂಥವರ ನಿರ್ದೇಶನವಿತ್ತು. ಆದರೂ ರಂಗದ ಮೇಲಿನ ಮೋಡಿ ಅದಕ್ಕೆ ಬರಲಿಲ್ಲ. ಆಗ ಅವರಿಗೆ ಐವತ್ತು ಸಮೀಪಿಸಿತ್ತು, ಮೈ ತುಂಬಿತ್ತು ಎಂಬ ಕಾರಣ ಕೊಡುತ್ತಾರೆ. ರಂಗದ ಮೇಲೆಯೂ ಅವರಿಗೆ ಅದೇ ವಯಸ್ಸು, ಅದೇ ಮೈ. ಅಲ್ಲಿ ಅದು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. ಏಕೆಂದರೆ ಅಲ್ಲಿ ನೋಡುವ ಜನರೂ ಅರ್ಧ ವೇಷ ಕಟ್ಟುತ್ತಿದ್ದರು. ಸ್ಟುಡಿಯೋದಲ್ಲಿ ಆ ಅರ್ಧ ಇರಲಿಲ್ಲ. ಕ್ಯಾಮರಾ ಒಪ್ಪಂದಕ್ಕೆ ಸಹಿ ಹಾಕಿದ ಪ್ರೇಕ್ಷಕನಲ್ಲ, ಅದು ಲೆಕ್ಕ ಪರಿಶೋಧಕ. ರೈಲನ್ಸರಿಗೂ ಆ ಚಿತ್ರೀಕರಣದ ಹೊತ್ತಿಗೆ ಐವತ್ತು ದಾಟಿತ್ತು ಎಂಬುದನ್ನು ನೆನೆದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಚಿತ್ರಕ್ಕೆ ಮರಳೋಣ. ವಯೋಲ ಜಾನಿ ಫ್ಲಿನ್, ಸೆಬಾಸ್ಟಿಯನ್ ಸ್ಯಾಮ್ಯುಯೆಲ್ ಬಾರ್ನೆಟ್. ಇಬ್ಬರೂ ತರುಣರು. ಒಂದೇ ಬಗೆಯ ಉಡುಪು, ಒಂದೇ ಬಗೆಯ ಕೂದಲು, ಒಂದೇ ಬಿಳಿ ಬಣ್ಣ. ಸಾಮಾನ್ಯವಾಗಿ ಈ ನಾಟಕದಲ್ಲಿ ಒಬ್ಬ ನಟಿಯನ್ನೂ ಒಬ್ಬ ನಟನನ್ನೂ ಅವಳಿಗಳೆಂದು ನಿಲ್ಲಿಸಿದಾಗ, ಇಲಿರಿಯದ ಜನರಿಗೆಲ್ಲ ಕಣ್ಣು ಪರೀಕ್ಷೆ ಮಾಡಿಸಬೇಕೆನ್ನಿಸುತ್ತದೆ. ಇಲ್ಲಿ ಆ ತೊಂದರೆಯಿಲ್ಲ. ನಮಗೇ ಒಂದೆರಡು ಸಲ ಯಾರು ಬಂದರು ಎಂದು ತಿಳಿಯಲಿಲ್ಲ. ಹಳೆಯ ಪದ್ಧತಿಯನ್ನು ಪಾಲಿಸುವುದು ಬರಿಯ ಪುರಾತನದ ಮೋಹವಲ್ಲ, ಅದರಿಂದ ನಾಟಕದ ಬೀಗಕ್ಕೆ ಕೀಲಿಕೈ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊನೆಯ ಅಂಕದಲ್ಲಿ ಅವಳಿಗಳು ಎದುರೆದುರು ಬರುತ್ತಾರೆ. ಸಿನೆಮಾದಲ್ಲಾದರೆ ಓಡಿಬಂದು ತಬ್ಬಿಕೊಳ್ಳುತ್ತಿದ್ದರು, ಪಿಟೀಲು ಮೊಳಗುತ್ತಿತ್ತು. ಷೇಕ್ಸ್‌ಪಿಯರ್ ಹಾಗೆ ಮಾಡುವುದಿಲ್ಲ. ಸೆಬಾಸ್ಟಿಯನ್ ಮೊದಲು ಕೇಳುವುದು ಊರು ಯಾವುದು, ಹೆಸರೇನು, ಯಾರ ಮನೆಯವರು ಎಂದು. ಅವಳು ಊರು ಹೇಳುತ್ತಾಳೆ, ತಂದೆಯ ಹೆಸರು ಹೇಳುತ್ತಾಳೆ. ತಂದೆಯ ಹಣೆಯ ಮೇಲೆ ಒಂದು ಮಚ್ಚೆಯಿತ್ತು ಎನ್ನುತ್ತಾಳೆ. ನನ್ನ ತಂದೆಗೂ ಇತ್ತು ಎನ್ನುತ್ತಾನೆ ಅವನು. ವಯೋಲಳಿಗೆ ಹದಿಮೂರು ತುಂಬಿದ ದಿನ ಆತ ತೀರಿಕೊಂಡರು ಎಂಬುದು ಮುಂದಿನ ಗುರುತು. ಇಷ್ಟಾದರೂ ಅವಳು ಅಪ್ಪಿಕೊಳ್ಳಬೇಡ, ಎಲ್ಲ ತಾಳೆಯಾಗುವ ತನಕ ತಡೆ ಎನ್ನುತ್ತಾಳೆ. ಆವರೆಗೆ ಗದ್ದಲದಲ್ಲಿ ನಗುತ್ತಿದ್ದ ಅಂಗಳದ ಜನ ಇಲ್ಲಿ ಒಮ್ಮೆಗೇ ಸುಮ್ಮನಾಗುತ್ತಾರೆ. ಆ ಮೌನವೂ ಚಿತ್ರದಲ್ಲಿ ದಾಖಲಾಗಿದೆ. ನೂರಾರು ಜನ ನಿಂತಲ್ಲೇ ಉಸಿರು ಹಿಡಿದಿರುವುದು ಕಾಣುತ್ತದೆ.

ಪರೀಕ್ಷೆಗಾಗಿ ಓದಿದಾಗ ಈ ಪ್ರಶ್ನೋತ್ತರ ನಮಗೆ ಬರಿಯ ನಾಟಕೀಯ ತಂತ್ರವೆಂದು ಕಂಡಿತ್ತು. ಪ್ರೊಫೆಸರರೂ ಹಾಗೆಯೇ ಬರೆಸಿದ್ದರು. ಆದರೆ ಮಾತುಂಗದ ಮಾರುಕಟ್ಟೆಯಲ್ಲೋ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೋ ಕನ್ನಡದ ದನಿ ಕಿವಿಗೆ ಬಿದ್ದು ತಿರುಗಿ ನೋಡಿದವರು ನಮ್ಮಲ್ಲಿ ಯಾರಿಲ್ಲ? ಯಾವ ಊರು, ಊರಲ್ಲಿ ಯಾವ ಕೇರಿ, ಯಾರ ಪೈಕಿ, ಅವರ ದೊಡ್ಡಪ್ಪ ಶಾಲೆಯಲ್ಲಿ ಮಾಸ್ತರಾಗಿದ್ದರಲ್ಲವೇ ಎಂದು ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಕೈ ಹಿಡಿದುಕೊಳ್ಳುತ್ತೇವೆ. ಪರಸ್ಥಳದಲ್ಲಿ ಮುಖ ಸಾಲದು, ಸಾಕ್ಷಿ ಬೇಕು.

ನಮ್ಮ ತಾಯಿಯವರಿಗೆ ಒಬ್ಬ ಅಣ್ಣ ಇದ್ದರು. 1954ರಲ್ಲಿ, ಹದಿನಾರರ ವಯಸ್ಸಿನಲ್ಲಿ, ತಂದೆಯೊಡನೆ ಮುನಿಸಿಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೂ ಅಲ್ಲಿಂದ ರೈಲಿನಲ್ಲಿ ಮುಂಬಯಿಗೂ ಹೊರಟುಹೋದರು. ಎರಡು ಕಾಗದ ಬಂದವಂತೆ, ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ ಎಂದು. ಮೂರನೆಯದು ಬರಲಿಲ್ಲ. ತಾಯಿಯವರು ಮದುವೆಯಾಗಿ 1966ರಲ್ಲಿ ಈ ಊರಿಗೆ ಬಂದ ಮೇಲೆ, ಕಾಫಿ ತಂದಿಟ್ಟ ನಮ್ಮ ಕಡೆಯ ಮಾಣಿಗಳನ್ನೆಲ್ಲ ಊರು ಕೇರಿ ಕೇಳುತ್ತಿದ್ದುದು ನಮಗೆ ಬಾಲ್ಯದ ನೆನಪು. ಆಗ ನಮಗೆ ನಾಚಿಕೆಯಾಗುತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಅಂದು ಈ ದೃಶ್ಯ ಮುಗಿದಾಗ ಅವರು ಏನು ನಡೆಯಿತೆಂದು ಕೇಳಿದರು. ಹಣೆಯ ಮಚ್ಚೆಯ ವಿಷಯ ಹೇಳಿದೆವು. "ಮಚ್ಚೆ ಸಾಲದು. ಮಚ್ಚೆ ಯಾರಿಗೂ ಇರ್ತದೆ. ನಾನಾದರೆ ನಮ್ಮನೆ ಬಾವಿಯ ಎಷ್ಟನೇ ಮೆಟ್ಟಿಲು ಒಡೆದಿತ್ತು ಅಂತ ಕೇಳ್ತಿದ್ದೆ" ಎಂದರು. ಪ್ರಶ್ನೆಯನ್ನು ಎಂದಿನಿಂದ ಸಿದ್ಧ ಮಾಡಿಟ್ಟುಕೊಂಡಿದ್ದರೋ ನಾವು ಕೇಳಲಿಲ್ಲ. ಉತ್ತರವನ್ನು ಅವರೂ ಹೇಳಲಿಲ್ಲ. ಆ ಭಾಗವನ್ನು ಇನ್ನೊಮ್ಮೆ ಹಾಕು ಎಂದು ಮೊಮ್ಮಗನಿಗೆ ಹೇಳಿದರು. ಅವನು ಹಿಂದಕ್ಕೆ ತಿರುಗಿಸಿ ಹಾಕಿದ. ನಾಟಕಶಾಲೆಯಲ್ಲಿ ಕುಳಿತವರಿಗೆ ಇಲ್ಲದ ಸೌಕರ್ಯ ಇದೊಂದು.

ಮಾಲ್ವೋಲಿಯೋನ ವಿಷಯ ಹೇಳದೆ ಮುಗಿಸುವಂತಿಲ್ಲ. ಸ್ಟೀಫನ್ ಫ್ರೈ ಹದಿನೇಳು ವರ್ಷ ರಂಗದಿಂದ ದೂರವಿದ್ದು ಈ ಪಾತ್ರಕ್ಕೆ ಮರಳಿದರು. ಬೇರೆಯವರು ಈ ಪಾತ್ರವನ್ನು ಒಣ ಕಟ್ಟಿಗೆಯಂತೆ ಬಿಗಿಯಾಗಿ ಆಡುತ್ತಾರೆ. ಫ್ರೈ ತೋರಿಸುವುದು ಎತ್ತರದ, ದೊಡ್ಡ ಮೈಯ, ಒಳಗೊಳಗೇ ಮೃದುವಾದ ಮನುಷ್ಯನನ್ನು. ಅಂಥವನು ಹಳದಿ ಕಾಲುಚೀಲ ತೊಟ್ಟು, ಅಡ್ಡಪಟ್ಟಿ ಬಿಗಿದುಕೊಂಡು, ಸುಳ್ಳು ಕಾಗದ ಕಲಿಸಿದಂತೆ ಹಲ್ಲು ಕಿರಿದು ಬಂದಾಗ ಗ್ಲೋಬ್ ಬಿದ್ದುಹೋಗುವಂತೆ ಜನ ನಕ್ಕರು, ನಾವೂ ನಕ್ಕೆವು. ತಾಯಿಯವರಿಗೆ ಮಾತ್ರ ಚಂದ್ರಹಾಸನ ಕಥೆಯ ಕಾಗದ ನೆನಪಾಯಿತು. ಅಲ್ಲಿ ವಿಷಯೆ ಒಂದಕ್ಷರ ತಿದ್ದಿ ಸಾಯಬೇಕಾದವನನ್ನು ಮದುಮಗನಾಗಿ ಮಾಡುತ್ತಾಳೆ; ಇಲ್ಲಿ ಮರಿಯಾ ಅಕ್ಷರ ಅನುಕರಿಸಿ ಮದುಮಗನಾಗುವೆನೆಂದು ನಂಬಿದವನನ್ನು ಕತ್ತಲೆ ಕೋಣೆಗೆ ನೂಕಿಸುತ್ತಾಳೆ. "ಇದು ಚಂದ ಅಲ್ಲ" ಎಂಬುದು ಅವರ ತೀರ್ಪು. ನಮಗೂ ಹಾಗೆಯೇ ಅನ್ನಿಸಿತು. ಯಜಮಾನಿ ತನ್ನನ್ನು ಪ್ರೀತಿಸಬಹುದೆಂದು ಕನಸು ಕಂಡದ್ದೊಂದೇ ಅವನ ಅಪರಾಧ. ಡ್ಯೂಕ್ ಕಂಡರೆ ಅದು ಪ್ರೇಮ, ಕಾರಕೂನ ಕಂಡರೆ ಹುಚ್ಚು. ಕೊನೆಗೆ ಅವನು ಎಲ್ಲರ ಮೇಲೆ ಸೇಡು ತೀರಿಸಿಕೊಳ್ಳುವೆನೆಂದು ಹೊರಟುಹೋಗುತ್ತಾನೆ. ನಾಟಕಕಾರನ ಜಾಣತನ ನೋಡಿ: ವಯೋಲಳ ಹೆಣ್ಣುಡುಗೆ ಇರುವುದು ಅವಳನ್ನು ದಡ ಸೇರಿಸಿದ ಹಡಗಿನ ಕಪ್ತಾನನ ಬಳಿ. ಆ ಕಪ್ತಾನ ಸೆರೆಯಲ್ಲಿದ್ದಾನೆ. ಸೆರೆಗೆ ಹಾಕಿಸಿದವನು ಮಾಲ್ವೋಲಿಯೋ. ಆದ್ದರಿಂದ ಪರದೆ ಬೀಳುವಾಗಲೂ ನಾಯಕಿ ಗಂಡುಡುಗೆಯಲ್ಲೇ ಇದ್ದಾಳೆ. ಅವಮಾನಪಟ್ಟ ಆ ನೌಕರನನ್ನು ಹುಡುಕಿ ಸಮಾಧಾನಪಡಿಸದೆ ಆ ಮದುವೆ ನಡೆಯುವಂತಿಲ್ಲ. ಡ್ಯೂಕ್ ಅವನ ಹಿಂದೆ ಜನ ಕಳಿಸುತ್ತಾನೆ. ಅವನು ಬಂದನೋ ಇಲ್ಲವೋ ನಾಟಕ ಹೇಳುವುದಿಲ್ಲ.

ಚಿತ್ರದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಎಲ್ಲಿ ನೋಡಬೇಕೆಂಬುದನ್ನು ನಮ್ಮ ಬದಲು ಕ್ಯಾಮರಾ ನಿರ್ಧರಿಸುತ್ತದೆ. ಅವಳಿಗಳು ಮಾತಾಡುವಾಗ, ತಾನು ಮದುವೆಯಾದದ್ದು ಬೇರೆ ಯಾರನ್ನೋ ಎಂದು ಆಗತಾನೆ ತಿಳಿದ ಒಲಿವಿಯಾಳ ಮುಖವನ್ನು ನಮಗೆ ಬೇಕಾದಷ್ಟು ಹೊತ್ತು ನೋಡಬೇಕೆನ್ನಿಸಿತು; ನೋಡಗೊಡಲಿಲ್ಲ. ಅಂಗಳದಲ್ಲಿ ನಿಂತ ಐದು ಪೌಂಡಿನ ಗಿರಾಕಿಗೆ ಆ ಸ್ವಾತಂತ್ರ್ಯವಿತ್ತು. ಇನ್ನೊಂದು ಬಗೆಯ ಸಂಕಟವೂ ಉಂಟು. ಪೆದ್ದ ಆಂಡ್ರೂ ಆಗಿ, ಉದ್ದನೆಯ ಮುಖ ಹೊತ್ತು, ತನ್ನನ್ನೂ ಒಂದು ಕಾಲದಲ್ಲಿ ಯಾರೋ ಪ್ರೀತಿಸಿದ್ದರೆಂದು ನೆನಪಿಸಿಕೊಳ್ಳುವ ರಾಜರ್ ಲಾಯ್ಡ್ ಪ್ಯಾಕ್ 2014ರ ಜನವರಿಯಲ್ಲಿ ತೀರಿಕೊಂಡರು. ಆ ಸಾಲಿಗೆ ಅಂಗಳದ ಜನ ಈಗಲೂ, ನಾವು ಹಾಕಿದಾಗಲೆಲ್ಲ, ಮೊದಲು ನಕ್ಕು ಆಮೇಲೆ ಅಯ್ಯೋ ಎನ್ನುತ್ತಾರೆ.

ನಾಟಕ ಮುಗಿದ ಮೇಲೆ ತಂಡದವರೆಲ್ಲ ಸೇರಿ ಕುಣಿಯುವುದು ಗ್ಲೋಬಿನ ರೂಢಿ. ನಮ್ಮ ಆಟದ ಮಂಗಳದಂತೆ ಎಂದುಕೊಳ್ಳಿ. ಸತ್ತವರು, ಸೋತವರು, ಮದುವೆಯಾದವರು ಎಂಬ ಭೇದವಿಲ್ಲ. ಜನ ಚಪ್ಪಾಳೆಯ ತಾಳ ಹಾಕುತ್ತಾರೆ. ಮೂರು ತಾಸಿನ ಹತ್ತಿರ ನಿಂತ ಕಾಲುಗಳಿಗೆ ದಣಿವೆಂಬುದೇ ಇದ್ದಂತಿಲ್ಲ.

ಇದನ್ನೆಲ್ಲ ಸಂಘದ ಪತ್ರಿಕೆಗೆ ಬರೆಯಲು ಒಂದು ನೆಪವೂ ಇದೆ. ಸಂಘದಲ್ಲಿ ವರ್ಷಕ್ಕೊಂದಾದರೂ ನಾಟಕ ನಡೆಯುತ್ತದೆ. ಬ್ಯಾಂಕಿನಿಂದ, ಕಾರ್ಖಾನೆಯಿಂದ ನೇರವಾಗಿ ತಾಲೀಮಿಗೆ ಬಂದು, ಕೊನೆಯ ಲೋಕಲ್ ಹಿಡಿದು ಮನೆ ಸೇರುವವರು ಆಡಿದ ನಾಟಕಗಳು. ಕೆಲವು ವರ್ಷಗಳಿಂದ ಅವನ್ನು ಚಿತ್ರೀಕರಿಸುವುದೂ ನಡೆದಿದೆ. ಸಭಾಗೃಹದ ಹಿಂಗೋಡೆಗೆ ಒಂದು ಕ್ಯಾಮರಾ ನಿಲ್ಲಿಸಿ ಹುಡುಗ ಚಹಾ ಕುಡಿಯಲು ಹೋಗುತ್ತಾನೆ. ಆಮೇಲೆ ನೋಡಿದರೆ ಬೆರಳುದ್ದದ ಮನುಷ್ಯರು ಬಾವಿಯೊಳಗಿನಿಂದ ಮಾತಾಡಿದಂತಿರುತ್ತದೆ. ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಕೋರಿಕೆ ಇಷ್ಟೇ: ಬರುವ ರಾಜ್ಯೋತ್ಸವದ ನಾಟಕಕ್ಕೆ ಇನ್ನೊಂದು ಕ್ಯಾಮರಾವನ್ನು ರಂಗದ ಪಕ್ಕದಲ್ಲಿಟ್ಟು, ಜನರ ಕಡೆಗೆ ತಿರುಗಿಸಿಡಲಿ, ಸಭಾಗೃಹದ ದೀಪ ಪೂರ್ತಿ ಆರಿಸದೆ ಇರಲಿ. ಖರ್ಚು ಹೆಚ್ಚೇನೂ ಬಾರದು. ಎರಡನೆಯ ಸಾಲಿನಲ್ಲಿ ತಾಯಿಯವರನ್ನು ಕರೆತಂದು ಕೂರಿಸುವ ಹೊಣೆ ನಮ್ಮದು. ಮೊದಲ ಸಾಲು ಅವರಿಗೆ ಬೇಡವಂತೆ, ಕುತ್ತಿಗೆ ನೋಯುತ್ತದೆ.